ಜ್ವರದ ರಜೆ

ನಮ್ಮ ಶಾಲೆಗೆ ಐವತ್ತು ತುಂಬುವ ಹಬ್ಬದಲ್ಲಿ ಅದರ ಚರಿತ್ರೆ ಬರೆದು ಓದುವ ಕೆಲಸ ಕನ್ನಡ ಟೀಚರಾದ ನನ್ನ ಪಾಲಿಗೆ ಬಂತು. ಕೈಲಾಂಚದ ಹತ್ತಿರ ಚರ್ಚಿಗೆ ಸೇರಿದ ಪುಟ್ಟ ಶಾಲೆ. ಮೊದಲ ದಿನಗಳನ್ನು ಕಂಡವರು ಈಗ ಕೆಲವರೇ. ಅವರಲ್ಲೊಬ್ಬರು ಮೊದಲ ವರ್ಷ ಇಲ್ಲೇ ಓದಿ, ಈಗ ರಾಮನಗರದಲ್ಲಿ ರೇಷ್ಮೆ ನೂಲು ತೆಗೆಸುವ ಮಕ್ಬೂಲ್ ಸಾಹೇಬರು. ಯಂತ್ರಗಳ ಸದ್ದಿನ ನಡುವೆ ಫೋನಿನಲ್ಲಿ ಕೂಗಿ ಹೇಳಿದರು: “ಆಗ ಊರಿನ ಬಸಮ್ಮೋರ ಮನೇಲೇ ಸ್ಕೂಲು ಮೇಡಂ. ಜ್ವರ ಅಂದ್ರೆ ಸಾಕು, ಸ್ಕೂಲು ಶುರು ಮಾಡಿದ್ದ ಫಾದರ್ ಇನ್ನಾಸಪ್ಪನೋರು ಬಾಗ್ಲು ಹಾಕ್ಬುಡೋರು. ಒಂದಾದ್ಮೇಲೊಂದು ನಾಲ್ಕು ಜ್ವರ!”

ನಾನು ಮೈಸೂರು ನಗರದಲ್ಲಿ ಬೆಳೆದವಳು, ಎಲ್ಲದರಲ್ಲೂ ಕೆಟ್ಟದ್ದನ್ನೇ ಮೊದಲು ಊಹಿಸುವವಳು. ಚಾಪೆಯ ಮೇಲೆ ಸಾಲಾಗಿ ಮಲಗಿದ ಮಕ್ಕಳು ಕಣ್ಣಿಗೆ ಕಟ್ಟಿದರು. ಹೆಡ್‌ಮಿಸ್ ಸಿಸ್ಟರ್ ಅರುಳ್ ಮೇರಿಗೆ ಹೇಳಿದಾಗ ಅವರ ಕಣ್ಣೂ ತುಂಬಿತು. “ತೀರಿಕೊಂಡ ಮಕ್ಕಳ ಹೆಸರು ಹೇಳಿ ಮೌನ ಪ್ರಾರ್ಥನೆ ಮಾಡೋಣ. ಬಸಮ್ಮನವರನ್ನು ಕೇಳಿಕೊಂಡು ಬನ್ನಿ” ಎಂದರು.

ದಾರಿಯುದ್ದಕ್ಕೂ ನನಗೆ ಒಂದೇ ಭಯ. ಆ ಮಕ್ಕಳಲ್ಲಿ ಬಸಮ್ಮನವರ ಮಗುವೂ ಇದ್ದಿದ್ದರೆ? ವಾಸಿಯಾದ ಗಾಯವನ್ನು ಕೆದಕಲು ನಾನು ಯಾರು?

ಬಸಮ್ಮಜ್ಜಿ ಜಗಲಿಯಲ್ಲಿ ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತಿದ್ದರು. ಮೊಮ್ಮಗನ ಹೆಂಡತಿ ಸುಮನಾ ಮಜ್ಜಿಗೆ ತಂದುಕೊಟ್ಟಳು. ಲೋಟ ಬರಿದು ಮಾಡಿ ಕೆಳಗಿಟ್ಟೆ.

“ಅಜ್ಜಿ, ಕೇಳಬಾರದು, ಆದರೂ ಕೇಳ್ತಿದೀನಿ. ಮೊದಲನೇ ವರ್ಷದ ಜ್ವರದಲ್ಲಿ... ಎಷ್ಟು ಹೋದವು?”

“ಒಂದೂ ಹೋಗ್ನಿಲ್ಲ ಕಣವ್ವ. ನಾಲ್ಕು ಜ್ವರಾನೂ ದಾಟ್ಕೊಂಡು ಎಲ್ಲಾ ಸೊಗಸಾಗಿ ಗೂಡು ಕಟ್ಟುದ್ವು!”

“ಮಕ್ಕಳು... ಗೂಡು ಕಟ್ಟಿದ್ರಾ?”

ಸುಮನಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು.

“ಅಯ್ಯೋ ನಮ್ಮವ್ವ, ಜ್ವರ ಹುಳಕ್ಕೆ ಕಣವ್ವ!” ಅಜ್ಜಿ ಸೊಪ್ಪು ಬಿಟ್ಟು ಕೈ ತಟ್ಟಿದರು. “ರೇಷ್ಮೆಹುಳ ಪೊರೆ ಬುಡಕ್ಕೆ ಮೇವು ಬುಟ್ಟು ಮಲಗ್ತವಲ್ಲ, ಅದ್ಕೆ ಜ್ವರ ಅಂತೀವಿ. ನಮ್ಮ ಹುಳದ ಮನೇಲೇ ಸ್ಕೂಲು, ಒಂದ್ ಕಡೆ ಹುಳದ ತಟ್ಟೆ, ಒಂದ್ ಕಡೆ ಮಕ್ಳು. ಇವು ಮಗ್ಗಿ ಕೂಗುದ್ರೆ ಅವು ಮಲಗಾದೆಂಗೆ? ನಮ್ಮತ್ತೆ ಗದರ್ಕೊಳೋರು. ಪಾಪ, ಫಾದರು ‘ಆಗ್ಲಿ ತಾಯಿ, ಹುಳದ ಜ್ವರ ಬುಡೋಗಂಟ ರಜಾ’ ಅನ್ನೋರು.”

ನನಗೆ ನಗು ಬರುವ ಮೊದಲು ಅಳು ಬಂತು. ಸಾಯದ ಮಕ್ಕಳಿಗಾಗಿ ಇಷ್ಟೂ ದಿನ ಮರುಗಿದ್ದೆ; ಅವರೆಲ್ಲ ಚೆನ್ನಾಗಿಯೇ ಬೆಳೆದಿದ್ದರು.

“ಅಳ್ತೀಯಲ್ಲವ್ವ! ಇನ್ನೊಂದು ಲೋಟ ತತ್ತಾರೆ ಸುಮನಾ, ಟೀಚರಮ್ಮಂಗೇ ಜ್ವರ ಬಂದಂಗೈತೆ.”

ಹಬ್ಬದ ದಿನ ನಡೆದದ್ದನ್ನು ನಡೆದಂತೆಯೇ ಓದಿದೆ, ನನ್ನ ಪೆದ್ದುತನವನ್ನೂ ಸೇರಿಸಿ. ಎಲ್ಲರಿಗಿಂತ ಜೋರಾಗಿ ನಕ್ಕವರು ಮಕ್ಬೂಲ್ ಸಾಹೇಬರು. ಸಿಸ್ಟರ್ ನಗುತ್ತಲೇ ಎದ್ದು, “ಹಾಗಾದರೆ ನಾಳೆ ಜ್ವರದ ರಜೆ” ಎಂದುಬಿಟ್ಟರು. ಮಕ್ಕಳ ಕೂಗಿಗೆ ಶಾಮಿಯಾನವೇ ಅಲುಗಿತು.

ಮುಂದಿನ ಸಾಲಿನಲ್ಲಿದ್ದ ಬಸಮ್ಮಜ್ಜಿ ಹಳೆಯ ಅಭ್ಯಾಸದಂತೆ ಹಿಂದಕ್ಕೆ ತಿರುಗಿ ತುಟಿಯ ಮೇಲೆ ಬೆರಳಿಟ್ಟರು.

“ಸುಮ್ಕಿರ್‍ರಲಾ, ಹುಳ ಮಲಗವೆ!”

ಅರೆಕ್ಷಣ ಎಲ್ಲರೂ ಸುಮ್ಮನಾದರು. ಸಿಸ್ಟರ್ ಬಯಸಿದ್ದ ಮೌನ ಪ್ರಾರ್ಥನೆಗೆ ಅಷ್ಟೇ ಸಾಕಾಯಿತು.