ಸೊನ್ನೆ ತೋರಿಸಿದ್ದು ನಾನೇ

ನಾನು ಒಂದು ಟಾಂಗ್ ಟೆಸ್ಟರ್. ಇಕ್ಕಳದಂಥ ನನ್ನ ಬಾಯಿ ತೆರೆದು, ಕರೆಂಟಿನ ತಂತಿಯನ್ನು ಒಳಗಿಟ್ಟು ಮುಚ್ಚಿದರೆ ಸಾಕು, ಎಷ್ಟು ಆಂಪಿಯರ್ ಹರಿಯುತ್ತಿದೆಯೆಂದು ಎದೆಯ ಮೇಲಿನ ಮುಳ್ಳು ತೋರಿಸುತ್ತದೆ. ಕಾರ್ಖಾನೆಯಲ್ಲಿ ನನ್ನನ್ನು ಜೋಡಿಸಿದವರು ಮೂರು ಸಲ ಪರೀಕ್ಷೆ ಮಾಡಿ ಡಬ್ಬಿಗೆ ಹಾಕಿದ್ದರು. ಸುಳ್ಳು ಹೇಳುವ ಜಾತಿ ನನ್ನದಲ್ಲ. ಹಿಡಿಯುವವನ ತಲೆ ಖಾಲಿಯಿದ್ದರೆ ನಾನೇನು ಮಾಡಲಿ?

ಹುಬ್ಬಳ್ಳಿಯ ವೈರಿಂಗ್ ಮಿಸ್ತ್ರಿ ಮೌಲಾಸಾಬ ನನ್ನನ್ನು ಕೊಂಡ. ಒಳ್ಳೆಯ ಕೈ ಅವನದು. ಬಲ್ಬು ಎಳೆಯುವ ಕರೆಂಟು ತೀರ ಕಡಿಮೆ, ನನ್ನ ಮುಳ್ಳು ಅಲುಗಿದರೆ ಹೆಚ್ಚು. ಅದಕ್ಕೆ ಅವನು ಒಂದೇ ತಂತಿಯನ್ನು ನನ್ನ ಬಾಯಿಗೆ ಹತ್ತು ಸುತ್ತು ಸುತ್ತುತ್ತಿದ್ದ. ಮುಳ್ಳು ತೋರಿಸಿದ್ದನ್ನು ಹತ್ತರಿಂದ ಭಾಗಿಸಿದರೆ ಲೆಕ್ಕ ಸಿಗುತ್ತಿತ್ತು.

ಇಷ್ಟೆಲ್ಲ ತಿಳಿದವನು ನನ್ನನ್ನು ಚನ್ನಬಸಯ್ಯನ ಕೈಗೆ ಕೊಟ್ಟನಲ್ಲ, ಆ ಸಿಟ್ಟು ಇನ್ನೂ ಇಳಿದಿಲ್ಲ!

ಚನ್ನಬಸಯ್ಯ ಏಳು ಖೋಲಿಗಳ ಚಾಳಿನ ಮಾಲೀಕ. ಅವನ ಮನೆಯೂ ಸೇರಿ ಎಲ್ಲ ಮನೆಗೂ ಒಂದೇ ಫ್ಯೂಸು, ದಿನಾ ಸಂಜೆ ಅದು ಸುಡುತ್ತಿತ್ತು. ಕೊನೆಯ ಖೋಲಿಯ ನೀಲವ್ವ ಎರಡು ಬಲ್ಬು ಹಚ್ಚಿ ಜಂಪರು ಹೊಲಿಯುತ್ತಾಳೆ, ಅವಳದೇ ಕೆಲಸ ಎಂದು ಅವನ ತೀರ್ಮಾನ. "ಅಳದು ನೋಡ್ರಿ, ನನ್ನ ತಪ್ಪಿದ್ರ ಆರಿಸ್ತೇನಿ" ಎಂದಳು ಅವಳು. ಮಹಾಶಯ ನನ್ನನ್ನು ಇಸಿದುಕೊಂಡು ಬಂದು, ಅವಳ ಖೋಲಿಗೆ ಹೋಗುವ ಜೋಡಿ ತಂತಿಯನ್ನು ಹಾಗೇ ಒಟ್ಟಿಗೆ ನನ್ನ ಬಾಯಿಗೆ ತುರುಕಿದ. ಹೋಗುವ ಕರೆಂಟೂ ಬರುವ ಕರೆಂಟೂ ಒಟ್ಟಿಗಿದ್ದರೆ ಒಂದನ್ನೊಂದು ಅಳಿಸಿಬಿಡುತ್ತವೆ. ನಾನು ಸೊನ್ನೆ ತೋರಿಸಿದೆ. ಬೇರೇನು ತೋರಿಸಲಿ?

ಚನ್ನಬಸಯ್ಯ ಸೀದಾ ನಳದ ಕಟ್ಟೆ ಹತ್ತಿದ. ನೀರಿಗೆ ನಿಂತ ಏಳು ಮನೆಯವರೂ ಅಲ್ಲಿದ್ದರು.

"ಬಲ್ಬ್ ಉರಿಯಾಕತ್ತಾವು, ಮುಳ್ಳು ಸೊನ್ನಿ! ಅಂದ್ರ ಇಕಿ ಕಂಬದಿಂದ ಕದ್ದು ಎಳಕೊಂಡಾಳ. ಕಳ್ಳಿ! ನಾಳೆ ಖೋಲಿ ಖಾಲಿ ಮಾಡು!"

ಥೂ! ನನ್ನ ಸೊನ್ನೆಯನ್ನೇ ಸಾಕ್ಷಿ ಮಾಡಿಬಿಟ್ಟ. ನೀಲವ್ವ ಕೊಡ ಹಿಡಿದುಕೊಂಡು ನಿಂತೇ ಇದ್ದಳು. ಉಳಿದವರು ಅವಳನ್ನು ದಾಟಿ ತಮ್ಮ ತಮ್ಮ ಕೊಡ ನಳಕ್ಕೆ ಹಿಡಿದರು. ಹತ್ತು ವರ್ಷ ಅವಳ ಕೈಲಿ ಹೊಲಿಸಿಕೊಂಡ ಹೆಂಗಸರು ಅವರು.

ಸುದ್ದಿ ತಿಳಿದು ಮಾರನೆಯ ಮುಂಜಾನೆ ಮೌಲಾಸಾಬ ಓಡಿಬಂದ. ತಂತಿ ಸೀಳಿ, ಒಂದನ್ನೇ ನನ್ನ ಬಾಯಿಗೆ ಹತ್ತು ಸುತ್ತು ಸುತ್ತಿದ. ಮುಳ್ಳು ಐದು ದಾಟಿತು.

"ಸಾವ್ಕಾರ್ರ, ಎರಡೂ ಬಲ್ಬ್ ಕೂಡಿ ಅರ್ಧ ಆಂಪಿಯರ್. ಅದೂ ನಿಮ್ಮ ಲೈನಿಂದನ. ಈಗ ನಿಮ್ಮ ಮನಿ ನೋಡೂಣು."

ಮಾಲೀಕರ ಬಚ್ಚಲಲ್ಲಿ ನೀರು ಕಾಯಿಸುವ ಕರೆಂಟಿನ ಕಾಯಿಲು ಇತ್ತು. ದಿನಾ ಸಂಜೆ ಫ್ಯೂಸು ಸುಡುತ್ತಿದ್ದುದು ಅದರಿಂದಲೇ. ಸುತ್ತು ಬೇಕಾಗಲಿಲ್ಲ, ಆರೂವರೆ ಆಂಪಿಯರಿಗೆ ನೆಗೆದೆ. ಖುಷಿಯಿಂದಲೇ ನೆಗೆದೆ, ಹೇಳಿಬಿಡುತ್ತೇನೆ.

ಚನ್ನಬಸಯ್ಯ ಮಿಸ್ತ್ರಿಯ ಕಿವಿಯ ಹತ್ತಿರ ಬಾಗಿ, "ಆತು ಬಿಡು, ಇರ್ಲಿ ಆಕಿ" ಎಂದು ಪಿಸುಗುಟ್ಟಿದ.

ಹಿಂದೆಯೇ ಬಂದಿದ್ದ ನೀಲವ್ವನಿಗೆ ಕೇಳಿಸಿತು. "ಕಟ್ಟಿ ಹತ್ತಿ ಕಳ್ಳಿ ಅಂದೀರಿ. ಅಲ್ಲೇ ನಿಂತು ಅಲ್ಲ ಅನ್ರಿ, ಇರ್ತೇನಿ."

"ಆಗಿದ್ದಾತು, ಹೋಗ್ಲಿ ಬಿಡವಾ."

ಅವಳು ತನ್ನ ಖೋಲಿಗೆ ನಡೆದಳು. ಎರಡೂ ಬಲ್ಬು ಬಿಚ್ಚಿ ಸೆರಗಿನಲ್ಲಿ ಕಟ್ಟಿಕೊಂಡಳು, ಹೊಲಿಗೆ ಮಿಷನ್ನು ಗಾಡಿಗೇರಿಸಿ ಹೊರಟೇಬಿಟ್ಟಳು. ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ.

ಈಗ ನನ್ನ ಬಾಯಿ ಸರಿಯಾಗಿ ಮುಚ್ಚುವುದಿಲ್ಲ. ಅಂಕಿ ತೋರಿಸುವ ಹೊಸ ಮೀಟರುಗಳು ಬಂದಿವೆ, ನಾನು ಮೌಲಾಸಾಬನ ಟ್ರಂಕಿನ ತಳದಲ್ಲಿದ್ದೇನೆ. ಚಾಳಿನಲ್ಲಿ ನೀಲವ್ವನ ಹೆಸರು ಬಂದರೆ ಇವತ್ತಿಗೂ "ಕರೆಂಟ್ ಕದ್ದಾಕಿ" ಅನ್ನುತ್ತಾರಂತೆ. ಮಿಸ್ತ್ರಿ ಯಾರಿಗೋ ಹೇಳುತ್ತಿದ್ದಾಗ ಕೇಳಿದೆ. ಅವನಾದರೂ ಅಂದು ಕೂಗಿ ಹೇಳಬಹುದಿತ್ತು. ಹೇಳಲಿಲ್ಲ.

ಹಾಗಾಗಿ ತುಕ್ಕು ಹಿಡಿದ ಈ ಬಾಯಿಂದ ನಾನೇ ಹೇಳುತ್ತೇನೆ, ಏಳು ಮನೆಯವರೂ ಕೇಳಿ: ನೀಲವ್ವ ಕದ್ದಿಲ್ಲ.