ಎರಡನೆಯ ಕೊಳವೆಯ ಕೆಂಪು

"ಎಂತ ಹೊಳೆಯುವುದು ಮಾರಾಯ್ತಿ? ಎರಡೂ ಒಂದೇ ರೀತಿ ಕಪ್ಪು," ಎಂದು ಡಾಕ್ಟರ್ ಉಮಾನಾಥರು ಪೆಟ್ಟಿಗೆಯ ಕಿಂಡಿಯಿಂದ ಕಣ್ಣು ತೆಗೆದರು.

ಅವರ ಸಂಶೋಧನಾ ವಿದ್ಯಾರ್ಥಿನಿ ವನಜಾ ತಾನೂ ಬಗ್ಗಿ ನೋಡಿದಳು. ಅತಿನೇರಳೆ ದೀಪದ ಮುಂದೆ ಎರಡು ಗಾಜಿನ ಕೊಳವೆಗಳು. ಎರಡರಲ್ಲೂ ಇದ್ದದ್ದು ಯುರೋಪಿಯಂ ಎಂಬ ಅಪರೂಪದ ಲೋಹದ ಲವಲೇಶ. ಮೊದಲನೆಯದರಲ್ಲಿ ಲೋಹಕ್ಕೆ ಅಂಟಿಕೊಂಡ ನೀರು ಬೆಳಕನ್ನೆಲ್ಲ ನುಂಗಿಹಾಕುತ್ತಿತ್ತು. ಆ ನೀರನ್ನು ಹೊರದಬ್ಬುವ ದ್ರವ್ಯವೊಂದನ್ನು ಅವಳು ಎರಡನೆಯದಕ್ಕೆ ಸೇರಿಸಿದ್ದಳು. ಅದು ಊದಿದ ಕೆಂಡದಂತೆ ನಿಗಿನಿಗಿ ಅನ್ನುತ್ತಿತ್ತು.

"ಎರಡನೇದು ಚೊಲೋ ಹೊಳ್ಯಾಕತ್ತೈತ್ರಿ ಸರ್."

"ನಿನ್ನದು ಆಸೆಯ ಕಣ್ಣು. ಹಿಂದೆ ಟರ್ಬಿಯಂ ಲೋಹ ಹಸಿರಾಗಿ ಹೊಳೆದಾಗ ಹೊಗಳಿದವನು ನಾನೇ. ಇದಕ್ಕೆ ಜೀವ ಇಲ್ಲ. ಸೋಮವಾರದಿಂದ ಇದನ್ನು ಬಿಟ್ಟು ಬಾವಿ ನೀರಿನ ಗಡಸುತನ ಅಳೆ."

ಎರಡು ವರ್ಷದ ಕೆಲಸ ಒಂದು ಮಾತಿನಲ್ಲಿ ಮುಗಿಯಿತು. ಉಮಾನಾಥರು ಸ್ಟೂಲಿನ ಮೇಲೆ ಕೂತು ಶೂ ಹಾಕಿಕೊಳ್ಳುತ್ತಿದ್ದರು. ಒಂದು ಕಾಲಿಗೆ ಕಪ್ಪು ಕಾಲುಚೀಲ, ಇನ್ನೊಂದಕ್ಕೆ ದಟ್ಟ ಕೆಂಪು. ಔರಂಗಾಬಾದಿನ ಆ ಕಾಲೇಜಿನಲ್ಲಿ ಅವರ ಕಾಲುಚೀಲ ಹಳೆಯ ನಗೆಚಾಟಿಕೆ. ವಿಜ್ಞಾನಿಯ ಮರೆವು ಎಂದು ವನಜಾಳೂ ನಕ್ಕಿದ್ದಳು. ಇಂದು ನಗು ಬರಲಿಲ್ಲ. ಅವಳ ಅಣ್ಣ ಶ್ರೀಪತಿಯೂ ಹೀಗೆಯೇ. ಅವ್ವ ಅವನ ತಾಟಿನಲ್ಲಿ ಕೆಂಪು ಚಟ್ನಿಯನ್ನು ಯಾವಾಗಲೂ ಎಡಕ್ಕೇ, ಹಸಿರನ್ನು ಬಲಕ್ಕೇ ಬಡಿಸುತ್ತಿದ್ದಳು. ಯಾಕೆಂದು ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ.

ಶನಿವಾರ ಯೇವಲಾ ಊರಿನ ಮೇಲೆ ಹೋಗುವ ಬಸ್ಸು ಹಿಡಿದು ಅವಳು ನಾಸಿಕಕ್ಕೆ ಹೋದಳು. ಶ್ರೀಪತಿ ತನ್ನ ಫೋಟೋ ಸ್ಟುಡಿಯೋದಲ್ಲಿ ಕಪ್ಪು-ಬಿಳುಪು ಚಿತ್ರಗಳನ್ನು ಕತ್ತರಿಸುತ್ತಿದ್ದ.

"ಅಗಂ ವನಜಾ! ಅಣ್ಣನ್ನ ನೋಡಾಕ ಬಂದ್ಯೋ, ಗಂಡಿಗೆ ಕಳಸೋ ಫೋಟೋ ತೆಗಸಾಕೋ?"

"ಬೆಳಕು ಅಳಿಯೋ ನಿನ್ನ ಲೈಟ್ ಮೀಟರ್ ಬೇಕು. ಹಳದಿ ಫಿಲ್ಟರೂ ಕೊಡು."

"ಕಶಾಲಾ? ಯಾಕ ಬೇಕು?"

"ನಮ್ಮ ಸರ್‌ಗ ಕೆಂಪು ಕಾಣಂಗಿಲ್ಲ."

ಶ್ರೀಪತಿ ನಗಲು ಹೋಗಿ ನಿಲ್ಲಿಸಿದ. "ಅವರಿಗೆ ಹೇಳಿಯೇನು?"

"ಇಲ್ಲ."

"ಹೇಳಬ್ಯಾಡ. ಓಝರ್ ಫ್ಯಾಕ್ಟರ್ಯಾಗ ಕಣ್ಣಿನ ಪರೀಕ್ಷಾದಾಗ ಬಣ್ಣದ ಚುಕ್ಕಿ ಪುಸ್ತಕ ತೆರೆದು, 'ನಂಬರ್ ಓದು' ಅಂದ್ರು. ಸಾಲಿನ್ಯಾಗಿನ ಹುಡುಗರೆಲ್ಲಾ ನನ್ನ ಮಾರೀನ ನೋಡಾಕತ್ತಿದ್ರು. ಕೆಲಸ ಹೋದದ್ದು ಮರತೇನಿ. ಅದನ್ನ ಮರತಿಲ್ಲ." ಮೀಟರನ್ನು ಮಖಮಲ್ಲಿನ ಬಟ್ಟೆಯಲ್ಲಿ ಸುತ್ತಿ ಕೊಟ್ಟ.

ಸೋಮವಾರ ವನಜಾ ಕಿಂಡಿಗೆ ಹಳದಿ ಗಾಜನ್ನೂ ಅದರ ಮೇಲೆ ಮೀಟರನ್ನೂ ಕೂರಿಸಿದಳು. ದೀಪದ ಕಿರಣವನ್ನು ಗಾಜು ತಡೆಯುತ್ತದೆ. ಕೊಳವೆಯ ಹೊಳಪನ್ನಷ್ಟೇ ಒಳಗೆ ಬಿಡುತ್ತದೆ.

"ನನ್ನ ಕಣ್ಣು ನಂಬಬ್ಯಾಡ್ರಿ ಸರ್. ಮುಳ್ಳು ನೋಡ್ರಿ."

"ಇದೆಂತ ಫೋಟೋ ಅಂಗಡಿಯ ಸಾಮಾನು!" ಎಂದರೂ ಉಮಾನಾಥರು ಬಗ್ಗಿದರು. ಮೊದಲನೆಯ ಕೊಳವೆಗೆ ಮುಳ್ಳು ಕದಲಲಿಲ್ಲ. ಎರಡನೆಯದಕ್ಕೆ ಅರ್ಧ ದಾಟಿ ನಿಂತಿತು. ಅವರು ಅವಳನ್ನು ಆಚೆ ಸರಿಸಿ, ತಾವೇ ಕೊಳವೆಗಳನ್ನು ಅದಲುಬದಲು ಮಾಡಿದರು. ಮತ್ತೆ ಮಾಡಿದರು. ಮುಳ್ಳು ಹಠಮಾರಿಯಂತೆ ಅದೇ ಕೊಳವೆಗೆ ಏಳುತ್ತಿತ್ತು.

ವನಜಾ ಆಡಬೇಕಾದದ್ದನ್ನೆಲ್ಲ ಮುಳ್ಳು ಆಡಿಯಾಗಿತ್ತು.

"ಬಾವಿ ನೀರನ್ನು ಬೇರೆ ಯಾರಾದರೂ ಅಳೆಯಲಿ," ಎಂದರು ಉಮಾನಾಥರು ಕೊನೆಗೆ. "ನೀನು ಇದನ್ನೇ ಬರಿ."

"ಹೌದ್ರಿ ಸರ್."

ಅವರು ಮೀಟರನ್ನು ಮೆಲ್ಲನೆ ತೆಗೆದು ಮೇಜಿನ ಮೇಲಿಟ್ಟು, ಕೋಣೆಯ ದೀಪ ಆರಿಸಿ, ಬರಿಗಣ್ಣನ್ನು ಕಿಂಡಿಗೆ ಒತ್ತಿದರು.

"ತುಂಬಾ ಕೆಂಪು ಉಂಟಾ?"

"ಭಾಳ ಐತ್ರಿ ಸರ್."

ಹೊರಗೆ ತರಗತಿಯ ಗಂಟೆ ಮೊಳಗಿತು. ಕಾರಿಡಾರಿನ ತುಂಬ ಹುಡುಗರ ಚಪ್ಪಲಿ ಸದ್ದು ಹರಿದುಹೋಯಿತು. ಉಮಾನಾಥರು ಕಣ್ಣು ತೆಗೆಯಲಿಲ್ಲ. ಯಾರೂ ಒಳಗೆ ಬರದಂತೆ ವನಜಾ ಬಾಗಿಲಿಗೆ ಬೆನ್ನು ಕೊಟ್ಟು ಕತ್ತಲಲ್ಲಿ ನಿಂತಳು.