ಎರಡನೆಯ ಕಂಟೇನರ್

ಬೆಳಗಿನ ಚಹಾದ ಹೊತ್ತಿಗೇ ಅಪ್ಪಾಸಾಹೇಬರ ದಿನದ ಗದ್ದಲ ಶುರುವಾಗುತ್ತಿತ್ತು. ಒಂದು ಕೈಯಲ್ಲಿ ಬಸಿ, ಇನ್ನೊಂದು ಕೈಯಲ್ಲಿ ಮೊಬೈಲು. ಮರಾಠಿ ಸೀಮೆಯ ನಿಗಡಿಯಲ್ಲಿದ್ದ ಮನೆಯ ಪಡಸಾಲೆಯಲ್ಲಿ ಕೂತು ಅವರು ಶಿರೂರಿನ ಕಡೆಗಿದ್ದ ತಮ್ಮ ಕಾರ್ಖಾನೆಯ ಭಟ್ಟಿ ಹೊತ್ತಿತೋ ಇಲ್ಲವೋ ಎಂದು ವಿಚಾರಿಸುತ್ತಿದ್ದರು. ಗುಜರಿ ಕಬ್ಬಿಣ ಕರಗಿಸಿ ನೀರಿನ ಪಂಪುಗಳ ಬಿಡಿಭಾಗ ಎರಕ ಹೊಯ್ಯುವ ಸಣ್ಣ ಕಾರ್ಖಾನೆ ಅದು. ಸ್ಥಳೀಯ ಗುಜರಿ ತುಟ್ಟಿಯಾದ ಮೇಲೆ ಹೊರದೇಶದಿಂದ ತರಿಸತೊಡಗಿದ್ದರು. ಆ ಮೊದಲ ಕಂಟೇನರು ಈಗ ಊರಾಚೆಯ ಕಂಟೇನರ್ ಡಿಪೋದಲ್ಲಿ ಬಂದು ನಿಂತಿತ್ತು. ಕಸ್ಟಮ್ಸಿನವರು ಬಿಟ್ಟಿರಲಿಲ್ಲ.

ಆ ಡಿಪೋದಲ್ಲೇ ಅವರ ತೀರಿಹೋದ ಅಣ್ಣನ ಮಗಳು ಶೈಲಶ್ರೀ ಕಸ್ಟಮ್ಸ್ ಇನ್ಸ್‌ಪೆಕ್ಟರಾಗಿದ್ದಳು. ತಂದೆ ಹೋದಾಗಿನಿಂದ ಕಾಕಾನ ಮನೆಯಲ್ಲೇ ಬೆಳೆದವಳು.

"ಅಲ್ಲವಾ ಶೈಲಾ, ಮೊದ್ಲ ಕಾಗದ ಹಿಡ್ಕೊಂಡು ಟೇಬಲ್‌ದಿಂದ ಟೇಬಲ್ಲಿಗೆ ಅಲೀತಿದ್ವಿ. ಜಲ್ದಿ ಆಗ್ಲಿ ಅಂತ ಸರಕಾರ ಕಂಪ್ಯೂಟರ್ ತಂತು. ಈಗ ಅದೂ ನನ್ನ ಮಾಲಿಗೆ ಅಡ್ಡಗಾಲು ಹಾಕ್ತದಂದ್ರ ಹ್ಯಾಂಗ?" ಎಂದರು ಅಪ್ಪಾಸಾಹೇಬರು.

"ಅಡ್ಡಗಾಲು ಅಲ್ಲ ಕಾಕಾ. ಭಾಳಷ್ಟು ಮಾಲು ಅದು ಬಿಟ್ಟೇ ಬಿಡ್ತದ. ಯಾವುದ್ರಾಗ ಸಂಶೇ ಇರ್ತದೋ ಅದನ್ನಷ್ಟ ತೆರದು ನೋಡ್ರಿ ಅಂತದ. ನಿಮ್ಮದು ಪೂರಾ ಇಳಿಸಿ ನೋಡ್ರಿ ಅಂದದ."

"ಪೂರಾ? ಕಬ್ಬಿಣದ ತುಂಡು ಒಂದೊಂದಾಗಿ?"

"ಯುದ್ಧ ಆದ ದೇಶದ ಗುಜರಿನೂ ಇದ್ರಾಗ ಬೆರಕಿ ಆಗಿ ಬರ್ತದರಿ. ಸಿಡೀದ ಉಳದ ತೋಪಿನ ಗುಂಡು ಇರ್ತಾವ. ಮನೀ ಮಾಲು ಅಂತ ನಾ ಅದನ್ನ ಮುಟ್ಟಂಗಿಲ್ಲ, ಬ್ಯಾರೇದವ್ರು ನೋಡ್ತಾರ. ಆದ್ರ ಪೂರಾ ಇಳಸ್ರಿ ಕಾಕಾ, ಅರ್ಧಾಮರ್ಧಾ ಮಾಡಬ್ಯಾಡ್ರಿ."

"ಅಲ್ಲಿಂದ ತಪಾಸಣೆ ಮಾಡಿದ ಸರ್ಟಿಫಿಕೇಟ್ ಬಂದದಲ್ಲ?"

"ಸರ್ಟಿಫಿಕೇಟ್ ಭಟ್ಟಿಗೆ ಬೀಳಂಗಿಲ್ಲ. ಬೀಳೋದು ಮಾಲು."

ಅಪ್ಪಾಸಾಹೇಬರು ಬಸಿಯನ್ನು ಕುಕ್ಕಿಟ್ಟರು. ಗಿರಾಕಿಗೆ ಕೊಟ್ಟ ಮಾತಿನ ದಿನ ಹತ್ತಿರ ಬಂದಿತ್ತು; ಭಟ್ಟಿ ತಣ್ಣಗೆ ಬಿದ್ದಿತ್ತು. ತಾವು ಓದಿಸಿದ ಹುಡುಗಿ ತಮಗೇ ಪಾಠ ಹೇಳುತ್ತಾಳಲ್ಲ ಎಂಬ ಸಿಟ್ಟೂ ಸೇರಿತು. ಅವಳು ಹೊರಟುಹೋದ ಮೇಲೆ ಕಸ್ಟಮ್ಸಿನಿಂದ ಮಾಲು ಬಿಡಿಸಿಕೊಡುವ ಕ್ಲಿಯರಿಂಗ್ ಏಜೆಂಟ್ ಪ್ರಲ್ಹಾದನಿಗೆ ಫೋನು ಮಾಡಿದರು.

"ಕಾಳಜಿ ಬ್ಯಾಡ್ರಿ ಸಾವಕಾರ್ರ. ಕಂಪ್ಯೂಟರ್ ತೆರೀ ಅಂತದ, ತೆರಿಯೂಣು. ಬಾಗಿಲಾ ತೆರೀತೀವಿ, ಮುಂದಿನ ಸಾಲು ನೋಡ್ತಾರ, ಮುಚ್ಚತೀವಿ. ಮಷಿನ್ ಏನು ಬಂದು ಇಣುಕ್ತದೇನ್ರಿ? ನೋಡಾಂವ ಮನಷ್ಯಾನ, ಆ ಮನಷ್ಯಾ ನಮ್ಮಾಂವ," ಎಂದ ಪ್ರಲ್ಹಾದ.

ಅವನು ಹೇಳಿದ ಹಾಗೇ ಆಯಿತು. ಪೂರ್ತಿ ಪರೀಕ್ಷೆಯಾಗಿದೆ, ಆಕ್ಷೇಪಾರ್ಹವಾದದ್ದು ಏನೂ ಇಲ್ಲ ಎಂದು ಒಬ್ಬ ಅಧಿಕಾರಿ ಕಂಪ್ಯೂಟರಿನಲ್ಲಿ ಬರೆದ. ಹಳೆಯ ಕಾಲದಲ್ಲಿ ಇದೇ ಮಾತನ್ನು ಪೆನ್ನಿನಿಂದ ಬರೆಯುತ್ತಿದ್ದರು, ಅಷ್ಟೇ ವ್ಯತ್ಯಾಸ. ಲಾರಿ ಶಿರೂರಿನ ದಾರಿ ಹಿಡಿಯಿತು. ಆ ರಾತ್ರಿ ಊಟಕ್ಕೆ ಕೂತಾಗ ಅಪ್ಪಾಸಾಹೇಬರು ಗೆದ್ದವರ ಹಾಗೆ ಅಣ್ಣನ ಮಗಳ ಕಡೆ ನೋಡಿದರು.

ಭಟ್ಟಿಗೆ ಗುಜರಿ ಹಾಕುವವರಲ್ಲಿ ನಿಜಲಿಂಗಪ್ಪ ಹಳಬ. ಅಪ್ಪಾಸಾಹೇಬರ ಊರಿನ ಕಡೆಯವನು; ಕಾರ್ಖಾನೆಯ ತಳಪಾಯ ತೋಡುವಾಗಲೇ ಬಂದು ಸೇರಿದ್ದ. ಅವನ ಕೈಕೆಳಗೆ ಮಾಂತು ಎಂಬ ತರುಣ. ಹೊಸ ಮಾಲು ಬಂದ ವಾರದಲ್ಲೇ ಒಂದು ಮಧ್ಯಾಹ್ನ, ಇಬ್ಬರೂ ಭಟ್ಟಿಯ ಬಾಯಿಯ ಬಳಿ ಇದ್ದಾಗ, ಒಳಗಿನಿಂದ ಸಿಡಿಲು ಬಡಿದಂಥ ಸದ್ದಾಯಿತು. ತಗಡಿನ ಛಾವಣಿ ಹಾರಿತು. ಕರಗಿದ ಕಬ್ಬಿಣ ಮಳೆಯಂತೆ ಸುರಿಯಿತು.

ಅಪ್ಪಾಸಾಹೇಬರು ಆಫೀಸಿನ ಕೋಣೆಯಿಂದ ಓಡಿಬಂದಾಗ ಹೊಗೆಯೊಳಗಿಂದ ಯಾರೋ "ಅವ್ವಾ" ಎಂದು ಕೂಗುತ್ತಿದ್ದರು. ಅದು ಮಾಂತು. ನಿಜಲಿಂಗಪ್ಪ ಕೂಗುತ್ತಿರಲಿಲ್ಲ. ಆಸ್ಪತ್ರೆಗೆ ಒಯ್ಯುವಾಗ ಅವನ ತಲೆ ಅಪ್ಪಾಸಾಹೇಬರ ತೊಡೆಯ ಮೇಲಿತ್ತು. ದಾರಿಯಲ್ಲೇ ಒಮ್ಮೆ ಕಣ್ಣು ತೆರೆದು, "ಮಾಂತು ಹ್ಯಾಂಗದಾನ್ರಿ?" ಎಂದು ಕೇಳಿದ. "ಅರಾಮದಾನ" ಎಂದರು. ಮರುದಿನ ನಿಜಲಿಂಗಪ್ಪ ತೀರಿಕೊಂಡ. ಮಾಂತು ಬದುಕಿದ, ಆದರೆ ಎರಡೂ ಕಣ್ಣು ಹೋದವು.

ಪೊಲೀಸರು ಬರುವ ಮೊದಲೇ ಪ್ರಲ್ಹಾದ ಬಂದಿದ್ದ. ಅವನ ಮುಖ ಬಿಳಿಚಿಕೊಂಡಿತ್ತು, ಮಾತು ಮಾತ್ರ ತಡವರಿಸಲಿಲ್ಲ.

"ಸಾವಕಾರ್ರ, ಮಾಲಿನ ಸುದ್ದಿ ತಗೀಬ್ಯಾಡ್ರಿ. ತಗದ್ರ ಕೇಸಿನ್ಯಾಗ ಡಿಪೋ ಬರ್ತದ, ನಾ ಬರ್ತೀನಿ, ನೀವು ಬರ್ತೀರಿ. ಬಾಯಿ ಬಿಗಿದ ಹಳೇ ಗ್ಯಾಸ್ ಸಿಲಿಂಡರ್ ನಿಜಲಿಂಗಪ್ಪ ನೋಡದನ ಭಟ್ಟಿಗೆ ಒಗದಾ ಅಂತ ಹೇಳ್ರಿ. ಹೋದಾಂವ ಹೋದ. ಉಳದವ್ರ ಹೊಟ್ಟಿ ನೋಡ್ರಿ. ಕಾರ್ಖಾನಿ ಬಂದ್ ಆದ್ರ ಎಷ್ಟು ಮನಿ ಬೀದಿಗೆ ಬೀಳ್ತಾವ?"

ಆ ಕೊನೆಯ ಮಾತನ್ನೇ ಅಪ್ಪಾಸಾಹೇಬರು ಗಟ್ಟಿಯಾಗಿ ಹಿಡಿದುಕೊಂಡರು. ಪೊಲೀಸರ ಮುಂದೆ ಸಿಲಿಂಡರಿನ ಮಾತು ಹೇಳಿದರು. ಒಮ್ಮೆ ಹೇಳಿದ ಮೇಲೆ ವಿಮೆಯವರಿಗೆ ಹೇಳಿದರು, ಕೂಲಿಕಾರರಿಗೆ ಹೇಳಿದರು, ಕೊನೆಗೆ ಹೆಂಡತಿ ಚನ್ನಬಸವ್ವನಿಗೂ ಹೇಳಿದರು. ಹೇಳುತ್ತ ಹೇಳುತ್ತ ಅದು ನಡೆದದ್ದೇ ಇರಬೇಕು ಎನಿಸಲು ಶುರುವಾಯಿತು. ಸತ್ತವನ ಸ್ವಂತ ತಪ್ಪು ಎಂದಾದದ್ದರಿಂದ ಅವನ ಮನೆಯವರ ಪರಿಹಾರದ ಅರ್ಜಿಯೂ ಅಲ್ಲೇ ನಿಂತಿತು.

ಕೆಲವು ವಾರಗಳ ನಂತರ, ಒಂದು ಭಾನುವಾರ, ನಿಜಲಿಂಗಪ್ಪನ ಹೆಂಡತಿ ಇಂದೂ ನಿಗಡಿಗೆ ಬಂದಳು. ಜೊತೆಗೆ ಶಾಲೆಗೆ ಹೋಗುವ ಮಗಳು ಇದ್ದಳು. ಚನ್ನಬಸವ್ವ ಒಳಗೆ ಕರೆದು ನೀರು ಕೊಟ್ಟಳು. ಇಂದೂ ಕುಡಿಯಲಿಲ್ಲ, ಬಾಗಿಲ ಬಳಿಯೇ ನಿಂತಳು.

"ಸಾವಕಾರ್ರ, ನಾ ಬೇಡಾಕ ಬಂದಿಲ್ಲ. ನನ್ನ ಗಂಡ ಒಂದು ಬೋಲ್ಟ್ ಸುದ್ದಾ ತಿರುವಿ ನೋಡಿ ಒಗೀತಿದ್ದ. ಅಂವಾ ಸಿಲಿಂಡರ್ ಒಗದಿಲ್ರಿ. ನಾವಿರೋ ಸಾಲುಮನಿ ಚಾಳಿನ್ಯಾಗ ಮಾಂತುನ ತಾಯಿ ರಾಧಾಬಾಯಿ ನಾ ಎದುರು ಬಂದ್ರ ಕದಾ ಹಾಕ್ಕೋತಾಳ. ನಿನ್ನ ಗಂಡ ನನ್ನ ಮಗನ ಕಣ್ಣು ತಿಂದಾ ಅಂತಾಳ. ಸಾಲ್ಯಾಗ ಈಕಿಗೆ ಹುಡುಗ್ರು ಅದನ್ನ ಅಂತಾರ. ನಿಮಗ ಏನರ ಗೊತ್ತಿದ್ರ ಹೇಳ್ರಿ. ಇಲ್ಲಂದ್ರ ಇಲ್ಲ ಅನ್ರಿ, ನಾ ಹೋಗ್ತೀನಿ."

ಅಪ್ಪಾಸಾಹೇಬರು ಮೊಬೈಲು ಕೈಗೆತ್ತಿಕೊಂಡರು. "ಪೊಲೀಸ್ರು ಬರದಾರಲ್ಲವಾ..." ಎಂದರು. ಇಂದೂ ಮಗಳ ಕೈ ಹಿಡಿದು ಮೆಟ್ಟಿಲಿಳಿದು ಹೋದಳು.

ಅಡುಗೆಮನೆಯ ಬಾಗಿಲಲ್ಲಿ ಶೈಲಶ್ರೀ ನಿಂತಿದ್ದಳು.

"ಕಾಕಾ, ಅವತ್ತು ಪೂರಾ ಇಳಿಸಿದ್ರೇನು?"

ಅಪ್ಪಾಸಾಹೇಬರು ಇಂದೂ ಮುಟ್ಟದ ನೀರಿನ ಲೋಟವನ್ನು ಬದಿಗೆ ಸರಿಸಿದರು.

"ಕಂಪ್ಯೂಟರ್‌ನ್ಯಾಗ ಪೂರಾ ನೋಡೀವಿ ಅಂತ ಬರದದ. ನಾ ಅವತ್ತು ಬ್ಯಾರೆ ಶೆಡ್‌ನ್ಯಾಗ ಇದ್ದೆ, ಕಣ್ಣಾರೆ ನೋಡಿಲ್ಲ. ಸಂಶೇ ಅದ ಅಂತ ಸಾಹೇಬ್ರಿಗೆ ಹೇಳ್ದೆ. ಪುರಾವೆ ಎಲ್ಲಿ ಅಂದ್ರು. ಮಾಲು ಕರಗಿಹೋಗ್ಯದ."

"ಮತ್ತ ಈಗ ಏನು ಮಾಡಂತಿ ನನಗ? ಜೇಲಿಗೆ ಹೋಗಂತೀಯೇನು? ನಿಮ್ಮಪ್ಪ ಹೋದ ಮ್ಯಾಲೆ ಈ ಭಟ್ಟೀನ ನಿನಗ ಅನ್ನಾ ಹಾಕೇದ!"

"ಹೌದ್ರಿ, ಹಾಕ್ಯದ. ಅದಕ್ಕ ನನಗ ಈಗ ಊಟ ಸೇರವಲ್ದು," ಎಂದಳು ಶೈಲಶ್ರೀ. ಅವಳ ದನಿ ಏರಲಿಲ್ಲ. "ನಿಮ್ಮ ಎರಡನೇ ಕಂಟೇನರ್ ನಿನ್ನೆ ಬಂದದ. ಅದೇ ವ್ಯಾಪಾರಿ, ಅದೇ ಬಂದರು. ಈ ಸಲ ಕಂಪ್ಯೂಟರ್ ಅದನ್ನ ತೆರೀದನ ಬಿಟ್ಟದ. ನಾಳೆ ಒಯ್ಯಬಹುದು."

"ಬಿಟ್ಟದ?"

"ಬಿಟ್ಟದ. ಮಷಿನ್‌ಗೆ ನಾವು ಏನು ಹೇಳೀವಿ ಅಷ್ಟ ಗೊತ್ತು ಕಾಕಾ. ಹಿಂದಿನ ಮಾಲು ಪೂರಾ ನೋಡೀವಿ, ಸ್ವಚ್ಛ ಅದ ಅಂತ ನಾವ ಅದಕ್ಕ ಹೇಳಿದ್ವಿ. ಅದು ನಂಬ್ತು. ಮಾಲಿನ ಮಾಲಕ ತಾನ ಬಂದು ತೆರೀರಿ ಅಂದ್ರ ಮಾತ್ರ ಯಾರೂ ಬ್ಯಾಡ ಅನ್ನಂಗಿಲ್ಲ."

ಆ ರಾತ್ರಿ ಅಪ್ಪಾಸಾಹೇಬರಿಗೆ ನಿದ್ದೆ ಹತ್ತಲಿಲ್ಲ. ಕಾರ್ಖಾನೆಯ ಛಾವಣಿ ಹೊಸದಾಗಿ ಹಾಕಿಸಿದ್ದರು. ಭಟ್ಟಿಯ ಮುಂದೆ ನಿಲ್ಲಲು ಬೇರೆ ಇಬ್ಬರು ಬಂದಿದ್ದರು. ನಾಳೆ ಆ ಮಾಲನ್ನು ಅವರ ಕೈಗೆ ಕೊಡಬೇಕು. ನಿಜಲಿಂಗಪ್ಪನಿಗೆ ಕೊಟ್ಟಾಗ ತಮಗೆ ಗೊತ್ತಿರಲಿಲ್ಲ ಎಂದು ಇಷ್ಟು ದಿನ ತಮಗೆ ತಾವೇ ಹೇಳಿಕೊಂಡಿದ್ದರು. ಇವರಿಗೆ ಕೊಡುವಾಗ ಹಾಗೆ ಹೇಳಿಕೊಳ್ಳಲು ಬರುವಂತಿರಲಿಲ್ಲ.

ಬೆಳಿಗ್ಗೆ ಡಿಪೋದ ಗೇಟಿನಲ್ಲಿ ಪ್ರಲ್ಹಾದ ಲಾರಿ ನಿಲ್ಲಿಸಿಕೊಂಡು ಕಾಯುತ್ತಿದ್ದ. "ಬರ್ರಿ, ಈ ಸಲ ಏನೂ ತ್ರಾಸಿಲ್ಲ. ಮಷಿನ್ನೇ ಬಿಟ್ಟದ!" ಎಂದು ನಕ್ಕ.

"ಲಾರಿ ಹಿಂದಕ ಕಳಸು. ನಾ ಇದನ್ನ ತೆರಸ್ತೀನಿ," ಎಂದರು ಅಪ್ಪಾಸಾಹೇಬರು.

ಪ್ರಲ್ಹಾದ ಅವರನ್ನು ಪಕ್ಕಕ್ಕೆಳೆದ. "ತಲಿ ಕೆಟ್ಟದೇನ್ರಿ? ಇದ್ರಾಗ ಏನರ ಸಿಕ್ರ ಮೊದಲಿಂದೂ ಹೊರಗ ಬರ್ತದ. ನಿಮ್ಮ ಕೈಯಿಂದ ನೀವ ಕೋಳ ಹಾಕ್ಕೋತೀರಿ!"

"ಇದ್ರಾಗ ಏನೂ ಇಲ್ಲಂತ ನೀ ಹೇಳ್ತೀಯೇನು?"

ಪ್ರಲ್ಹಾದ ಗೇಟಿನ ಆಚೆ ಹೋಗಿ ಸಿಗರೇಟು ಹಚ್ಚಿದ. ಮತ್ತೆ ಒಳಗೆ ಬರಲಿಲ್ಲ.

ಡಿಪೋದ ಹಿರಿಯ ಅಧಿಕಾರಿಗೆ ಅಪ್ಪಾಸಾಹೇಬರ ಕೋರಿಕೆ ವಿಚಿತ್ರವೆನಿಸಿತು. ಮಾಲು ಬೇಗ ಬಿಡಿ ಎಂದು ಜಗಳವಾಡುವವರನ್ನು ಅವರು ಕಂಡಿದ್ದರು. ಬಿಟ್ಟ ಮಾಲನ್ನು ತೆರೆಯಿರಿ ಎನ್ನುವವರನ್ನು ಕಂಡಿರಲಿಲ್ಲ. ಆದರೂ ಒಪ್ಪಿದರು. ಶೈಲಶ್ರೀಯನ್ನು ದೂರವಿಟ್ಟು ಬೇರೆಯವರನ್ನು ನೇಮಿಸಿದರು. ಸೀಲು ಒಡೆದರು. ಹಮಾಲರು ಬಿಸಿಲಿನಲ್ಲಿ ಪೈಪು, ಸಲಾಕೆ, ಗೇರು, ಮುರಿದ ಚಕ್ರಗಳನ್ನು ಇಳಿಸುತ್ತ ಹೋದರು. ಮುಂದಿನ ಸಾಲುಗಳಲ್ಲಿ ಒಳ್ಳೆಯ ಕಬ್ಬಿಣವೇ ಇತ್ತು. ಮಧ್ಯಾಹ್ನವಾದರೂ ಏನೂ ಸಿಗಲಿಲ್ಲ. ಅಪ್ಪಾಸಾಹೇಬರ ಎದೆಯಲ್ಲಿ ಆಸೆಯಂಥದೊಂದು ಮಿಸುಕಿತು. ಏನೂ ಸಿಗದೆ ಹೋದರೆ, ಸಿಲಿಂಡರಿನ ಮಾತು ನಿಜವೇ ಇರಬಹುದಲ್ಲ?

ಅಷ್ಟರಲ್ಲಿ ಒಬ್ಬ ಹಮಾಲ ಕೈ ಹಿಂತೆಗೆದ. ತುಕ್ಕು ಹಿಡಿದ ಪೈಪುಗಳ ಕೆಳಗೆ, ಚೂಪು ಮೂತಿಯ ಉದ್ದನೆಯ ಗುಂಡುಗಳು ಮಲಗಿದ್ದವು. ಕೆಲವು ಬರೀ ಖಾಲಿ ಚಿಪ್ಪು. ಕೆಲವು ಖಾಲಿಯಾಗಿರಲಿಲ್ಲ.

ಎಲ್ಲರನ್ನೂ ದೂರ ಸರಿಸಿದರು. ಬಾಂಬು ನಿಷ್ಕ್ರಿಯಗೊಳಿಸುವವರು ಮರಳಿನ ಚೀಲಗಳೊಡನೆ ಬಂದರು. ಪೊಲೀಸರು ಬಂದಾಗ, ಯಾರೂ ಕೇಳುವ ಮೊದಲೇ, ಅಪ್ಪಾಸಾಹೇಬರು ಮರಾಠಿಯಲ್ಲಿ ಹೇಳತೊಡಗಿದರು. ಮೊದಲ ಕಂಟೇನರನ್ನು ಹೇಗೆ ಬಿಡಿಸಿದರು, ಬಾಗಿಲು ಎಷ್ಟು ತೆರೆಯಿತು, ಸಿಲಿಂಡರಿನ ಮಾತು ಯಾರು ಹುಟ್ಟಿಸಿದರು, ತಾವು ಅದನ್ನು ಹೇಗೆ ಸಾಕಿದರು. ದೂರದಲ್ಲಿ ನಿಂತಿದ್ದ ಶೈಲಶ್ರೀ ಮುಖಕ್ಕೆ ಸೆರಗು ಒತ್ತಿಕೊಂಡಿದ್ದಳು.

ಕಾರ್ಖಾನೆಗೆ ಬೀಗ ಬಿತ್ತು. ಪ್ರಲ್ಹಾದನ ಪರವಾನಗಿ ಹೋಯಿತು, ಆ ಅಧಿಕಾರಿಯ ಮೇಲೆ ವಿಚಾರಣೆ ಶುರುವಾಯಿತು. ಅಪ್ಪಾಸಾಹೇಬರ ಮೇಲೂ ಮೊಕದ್ದಮೆ ಹೂಡಿದರು. ಜಾಮೀನಿನ ಮೇಲೆ ಹೊರಬಂದವರು ಮನೆಗೆ ಹೋಗದೆ ನೇರವಾಗಿ ಶಿರೂರಿನ ಬಸ್ಸು ಹತ್ತಿದರು.

ಸಂಜೆಯ ಹೊತ್ತು. ಚಾಳಿನ ಅಂಗಳದಲ್ಲಿ ಇಂದೂ ಅಕ್ಕಿ ಹಸನು ಮಾಡುತ್ತಿದ್ದಳು. ಅವರನ್ನು ಕಂಡು ಏಳಲಿಲ್ಲ, ಕೂಡ್ರಿ ಎನ್ನಲಿಲ್ಲ.

"ಇಂದೂ, ನಿನ್ನ ಗಂಡಂದು ತಪ್ಪಿಲ್ಲವಾ. ಮಾಲಿನ್ಯಾಗ ಗುಂಡಿತ್ತು. ತೆರದು ನೋಡದಂಗ ನಾನ ಮಾಡ್ಸಿದ್ದೆ," ಎಂದರು. ಕೈ ಮುಗಿಯಲು ಹೋದರು.

"ಕೈ ಬಿಡ್ರಿ," ಎಂದಳು ಇಂದೂ. "ನನಗ ಮೊದಲ ಗೊತ್ತಿತ್ತು. ನನ್ನ ಮುಂದ ಹೇಳಿ ಏನು ಮಾಡ್ತೀರಿ? ಅಲ್ಲಿ ಹೇಳ್ರಿ."

ಅವಳು ಎದುರಿನ ಮುಚ್ಚಿದ ಕದದ ಕಡೆ ತೋರಿಸಿದಳು. ಅಪ್ಪಾಸಾಹೇಬರು ಹೋಗಿ ಕದ ತಟ್ಟಿದರು. ರಾಧಾಬಾಯಿ ತೆರೆದಳು. ಅಕ್ಕಪಕ್ಕದವರು ಹೊರಬಂದು ನಿಂತರು. ಅವರೆಲ್ಲರ ಎದುರಿಗೆ ಅಪ್ಪಾಸಾಹೇಬರು ಅದೇ ಮಾತನ್ನು ಮೊದಲಿನಿಂದ ಹೇಳಿದರು. ರಾಧಾಬಾಯಿ ಬಾಗಿಲಿನ ಚೌಕಟ್ಟು ಹಿಡಿದು ಕೇಳಿದಳು. ಒಳಗೆ ಹೋಗಿ ಮಾಂತುನ ತೋಳು ಹಿಡಿದು ಕರೆತಂದಳು, ಅಂಗಳ ದಾಟಿಸಿ ಇಂದೂನ ಪಕ್ಕದಲ್ಲಿ ಕೂಡಿಸಿದಳು, ತಾನೂ ಅಲ್ಲೇ ನೆಲದ ಮೇಲೆ ಕೂತಳು.

"ಇನ್ನೊಮ್ಮೆ ಹೇಳ್ರಿ ಸಾವಕಾರ್ರ. ಇಂವಾ ನಿಜಲಿಂಗಣ್ಣನ್ನ ದಿನಾ ಬೈತಿದ್ದ. ಇಂವಾ ಕೇಳ್ಲಿ," ಎಂದಳು.

ಅಪ್ಪಾಸಾಹೇಬರು ಮತ್ತೊಮ್ಮೆ ಹೇಳಿದರು.